ಗಡಿಯಲ್ಲಿ ಮಗ, ಮನೆಯಲ್ಲಿ ನೀವು

ಮೊದಲು ಆ ಟಿವಿ ಆರಿಸಿ. ಆಮೇಲೆ ಮಾತಾಡೋಣ.

ಮಗ ಗಡಿಯಲ್ಲಿದ್ದಾನೆ, ಅಲ್ಲಿ ಗುಂಡು ಹಾರುತ್ತಿದೆ ಎಂದರೆ ಹೆತ್ತವರ ಜೀವ ಒಂದು ಕಡೆ ನಿಲ್ಲುವುದಿಲ್ಲ. ನಿಲ್ಲಲೇಬೇಕು ಎಂದು ನಾನೂ ಹೇಳುವುದಿಲ್ಲ. ‘ಧೈರ್ಯವಾಗಿರಿ, ದೇವರಿದ್ದಾನೆ’ ಎಂದು ಬಂದವರೆಲ್ಲ ಹೇಳಿ ಹೋಗಿರುತ್ತಾರೆ. ನಾನು ಹೇಳಬೇಕೆಂದಿರುವುದು ಬೇರೆ. ಕಳವಳ ಪಡಿ, ತಪ್ಪಿಲ್ಲ. ಆದರೆ ನಿಮ್ಮ ಕಳವಳವನ್ನು ಅವನ ತಲೆಯ ಮೇಲೆ ಹೊರಿಸಬೇಡಿ. ಹೊರಲು ಅವನಿಗೆ ಅಲ್ಲಿ ಬೇಕಾದಷ್ಟಿದೆ. ಇಲ್ಲಿ ಕೂತು ನಾವು ಮಾಡಬಹುದಾದ ಕೆಲಸಗಳಿವೆ, ಮಾಡಬಾರದ ಕೆಲಸಗಳು ಅದಕ್ಕಿಂತ ಹೆಚ್ಚಿವೆ. ಅವನ್ನು ಹೇಳುತ್ತೇನೆ. ಮಗ ಎಂದೇ ಬರೆಯುತ್ತಾ ಹೋದರೂ ಮಗಳಿಗೂ ಇದೇ ಮಾತು. ಸೇನೆಯ ಪೊಲೀಸ್ ದಳಕ್ಕೆ ಸೇರಿದ 83 ಮಹಿಳಾ ಸೈನಿಕರ ಮೊದಲ ತಂಡ 2021ರ ಮೇ 8ರಂದು ತರಬೇತಿ ಮುಗಿಸಿದ್ದು ನಮ್ಮ ಬೆಂಗಳೂರಿನಲ್ಲೇ.

ನಗರದ ಈ ಉತ್ತರ ಭಾಗದವರಿಗೆ ಮಿಲಿಟರಿ ಹೊಸದಲ್ಲ. ಯಲಹಂಕದಲ್ಲಿ ವಾಯುನೆಲೆ ಇದೆ, ಸಿಆರ್‌ಪಿಎಫ್ ಗ್ರೂಪ್ ಸೆಂಟರ್ ಇದೆ, ಬಿಎಸ್‌ಎಫ್ ಕ್ಯಾಂಪ್ ಇದೆ. ಆರ್.ಟಿ. ನಗರದ ಪಕ್ಕದ ಜೆ.ಸಿ. ನಗರದಲ್ಲಿ ಪ್ಯಾರಾಚೂಟ್ ರೆಜಿಮೆಂಟಿನ ತರಬೇತಿ ಕೇಂದ್ರ ಇದೆ. ಜಾಲಹಳ್ಳಿಯಲ್ಲೂ ವಾಯುಪಡೆಯವರೇ. ಎರಡು ವರ್ಷಕ್ಕೊಮ್ಮೆ ಏರ್ ಶೋ ಬಂದಾಗ ಮಕ್ಕಳನ್ನು ತಾರಸಿಗೆ ಕರೆದುಕೊಂಡು ಹೋಗಿ ವಿಮಾನ ತೋರಿಸುವವರು ನಾವು. ಅದೇ ವಿಮಾನದ ಸದ್ದು, ಮಗ ಗಡಿಗೆ ಹೋದ ಮೇಲೆ, ತಾಯಿಯ ಕೈಯಲ್ಲಿದ್ದ ಸೌಟನ್ನು ನಿಲ್ಲಿಸಿಬಿಡುತ್ತದೆ.

ಭಯಕ್ಕೆ ಕಾರಣವೇ ಇಲ್ಲ ಎಂದು ನಾನು ಸುಳ್ಳು ಹೇಳಲಾರೆ. ಯಲಹಂಕದಲ್ಲಿ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಹೆಸರಿನ ರಸ್ತೆಯಲ್ಲಿ ನೀವು ದಿನಾ ಓಡಾಡುತ್ತೀರಿ. 2008ರ ನವೆಂಬರ್ 28ರಂದು ಮುಂಬೈಯ ತಾಜ್ ಹೋಟೆಲಿನಲ್ಲಿ ಪ್ರಾಣ ಕೊಟ್ಟ ಆ ಹುಡುಗ ಇಸ್ರೋದಲ್ಲಿ ಕೆಲಸ ಮಾಡಿ ನಿವೃತ್ತರಾದ ತಂದೆಗೆ, ತಾಯಿಗೆ ಒಬ್ಬನೇ ಮಗ. ವಿದ್ಯಾರಣ್ಯಪುರದ ಹತ್ತಿರ ದೊಡ್ಡಬೊಮ್ಮಸಂದ್ರದಲ್ಲಿ ಮನೆ ಇದ್ದ ಲೆಫ್ಟಿನೆಂಟ್ ಕರ್ನಲ್ ನಿರಂಜನ್ 2016ರ ಜನವರಿಯಲ್ಲಿ ಪಠಾಣ್‌ಕೋಟ್‌ನಲ್ಲಿ ಬಾಂಬ್ ನಿಷ್ಕ್ರಿಯಗೊಳಿಸುವಾಗ ತೀರಿಕೊಂಡರು. ಇದೆಲ್ಲ ನಮ್ಮ ಬೀದಿಯಲ್ಲೇ ನಡೆದ ಮಾತು. ಹಾಗಿದ್ದರೂ ನಿಮಗೆ ಹೇಳುತ್ತೇನೆ: ಚಿತೆ ಸತ್ತವರನ್ನು ಸುಟ್ಟರೆ ಚಿಂತೆ ಬದುಕಿದ್ದವರನ್ನು ಸುಡುತ್ತದೆ. ಸುಟ್ಟುಕೊಂಡು ಕೂತ ತಂದೆತಾಯಿಯಿಂದ ಗಡಿಯಲ್ಲಿರುವ ಮಗನಿಗೆ ಯಾವ ಉಪಯೋಗವೂ ಇಲ್ಲ.

ಟಿವಿಯ ಮಾತಿಗೇ ಬರುತ್ತೇನೆ. 2025ರ ಮೇ 7ರಿಂದ 10ರವರೆಗೆ ಪಾಕಿಸ್ತಾನದ ಜೊತೆ ಸಂಘರ್ಷ ನಡೆದ ಆ ನಾಲ್ಕು ದಿನ ನೆನಪಿದೆಯಲ್ಲ? ಎಷ್ಟು ಮನೆಗಳಲ್ಲಿ ರಾತ್ರಿಯಿಡೀ ಟಿವಿ ಉರಿಯಿತು! ಕರಾಚಿ ಬಂದರೇ ಧ್ವಂಸವಾಯಿತು ಎಂದು ಕೆಲವು ಚಾನೆಲ್‌ಗಳು ರಾತ್ರಿ ಕೂಗಿದವು. ಬೆಳಗಾದ ಮೇಲೆ ನೋಡಿದರೆ ಹಾಗೇನೂ ಆಗಿರಲಿಲ್ಲ. ಹಳೆಯ ವಿಡಿಯೊ, ಕಂಪ್ಯೂಟರ್ ಆಟದ ದೃಶ್ಯ, ಎಲ್ಲವೂ ಯುದ್ಧ ಎಂದು ಓಡಾಡಿದವು. ಅದನ್ನೆಲ್ಲ ನೋಡುತ್ತಾ ಕೂತ ತಾಯಿಗೆ ನಿದ್ದೆ ಹೋಯಿತು, ಬಿಪಿ ಏರಿತು. ಮಗನಿಗೆ ಅದರಿಂದ ಒಂದು ಕಾಸಿನ ಪ್ರಯೋಜನವಾಯಿತೇ? ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದರು ಹಿರಿಯರು. ನೀವು ಪರದೆಯ ಮೇಲೆ ಕೆಂಪು ಅಕ್ಷರ ಕಂಡಕೂಡಲೇ ನಂಬುತ್ತೀರಿ. ಬೆಳಿಗ್ಗೆ ಒಂದು ಸಲ ಪೇಪರ್ ಓದಿ. ಸಂಜೆ ಒಂದು ಸಲ ಆಕಾಶವಾಣಿಯ ವಾರ್ತೆಯನ್ನೋ ಚಂದನದ ವಾರ್ತೆಯನ್ನೋ ಕೇಳಿ. ಅಷ್ಟು ಸಾಕು. ರಾತ್ರಿ ಊಟವಾದ ಮೇಲೆ ಯುದ್ಧದ ಸುದ್ದಿ ಬೇಡವೇ ಬೇಡ.

ಮೊದಲು ಬಂದ ಸುದ್ದಿಯೇ ಕೊನೆಯ ಸುದ್ದಿ ಎಂದುಕೊಳ್ಳಬೇಡಿ. ಕುಂದಗೋಳ ತಾಲೂಕಿನ ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರ ವಿಷಯ ನಿಮಗೆ ಗೊತ್ತಿದೆ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನ ಸೋನಂ ಪೋಸ್ಟಿನ ಮೇಲೆ ಹಿಮದ ಗುಡ್ಡ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಜನ ಹೂತುಹೋದರು. ಅವರಲ್ಲಿ ನಮ್ಮ ರಾಜ್ಯದವರೇ ಮೂವರು. ಯಾರೂ ಬದುಕಿರಲಾರರು ಎಂದು ಹೇಳಿಯಾಗಿತ್ತು, ಸಂತಾಪವೂ ಬಂದಾಗಿತ್ತು. ಆರು ದಿನಗಳಾದ ಮೇಲೆ ಹನುಮಂತಪ್ಪ ಜೀವಂತವಾಗಿ ಸಿಕ್ಕರು. ಊರಿಗೆ ಊರೇ ಹಬ್ಬ ಮಾಡಿತು. ಫೆಬ್ರುವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಒಂದೇ ವಾರದಲ್ಲಿ ಆ ಮನೆಯವರು ಒಂದೇ ಜೀವಕ್ಕೆ ಎರಡು ಸಲ ಅತ್ತರು. ಅದನ್ನು ತಡೆಯುವುದು ಯಾರ ಕೈಯಲ್ಲೂ ಇರಲಿಲ್ಲ. ಆದರೆ ಅಷ್ಟು ಎತ್ತರದ ಜಾಗದಿಂದ ಸುದ್ದಿ ಇಳಿದು ಬರುವುದೇ ಹೀಗೆ, ತುಂಡು ತುಂಡಾಗಿ, ತಿದ್ದುಪಡಿಯಾಗುತ್ತಾ. ಯೂನಿಟ್‌ನಿಂದ ಮಾತು ಬರುವವರೆಗೆ ನಿಮ್ಮ ಪಾಲಿಗೆ ಯಾವ ಸುದ್ದಿಯೂ ಸುದ್ದಿಯಲ್ಲ. ಏನೇ ಆದರೂ ಮನೆಯವರಿಗೆ ಮೊದಲು ತಿಳಿಸಬೇಕು ಎಂಬುದು ಸೇನೆಯ ಪದ್ಧತಿ. ವಾಟ್ಸಾಪ್‌ನಲ್ಲಿ ಬಂದದ್ದನ್ನು ಹಿಡಿದು ಎದೆ ಬಡಿದುಕೊಳ್ಳಬೇಡಿ.

ಇನ್ನು ಫೋನು. ಎಲ್ಲಕ್ಕಿಂತ ಹೆಚ್ಚು ತಪ್ಪು ಆಗುವುದು ಇಲ್ಲೇ, ಅದಕ್ಕೇ ಸ್ವಲ್ಪ ಹೆಚ್ಚು ಹೇಳುತ್ತೇನೆ.

ಮಗ ಹತ್ತು ದಿನಕ್ಕೊಮ್ಮೆ ಫೋನ್ ಮಾಡುತ್ತಾನೆ. ಹಿಂದೆ ಇನ್ನೂ ನಾಲ್ಕು ಹುಡುಗರು ಸರದಿಗೆ ಕಾದಿರುತ್ತಾರೆ. ಅವನಿಗೆ ಸಿಗುವುದು ಐದು ನಿಮಿಷ. ಆ ಐದು ನಿಮಿಷದಲ್ಲಿ ನೀವು ಏನು ಮಾಡುತ್ತೀರಿ? ಮೂರು ನಿಮಿಷ ಅಳುತ್ತೀರಿ. ಒಂದು ನಿಮಿಷ ‘ಯಾಕಪ್ಪಾ ಫೋನ್ ಮಾಡಲಿಲ್ಲ’ ಎಂದು ಬೈಯುತ್ತೀರಿ. ಉಳಿದ ಒಂದು ನಿಮಿಷದಲ್ಲಿ ‘ಎಲ್ಲಿದ್ದೀಯಾ, ಅಲ್ಲಿ ಏನು ನಡೀತಿದೆ’ ಎಂದು ಅವನು ಹೇಳಲಾಗದ್ದನ್ನೇ ಕೇಳುತ್ತೀರಿ. ಫೋನ್ ಕಟ್ಟಾಗುತ್ತದೆ. ಅವನು ಆ ಅಳುವನ್ನು ಕಿವಿಯಲ್ಲಿಟ್ಟುಕೊಂಡೇ ರಾತ್ರಿ ಕಾವಲಿಗೆ ಹೋಗಬೇಕು. ಹೀಗೆ ಮಾಡಬಹುದಾ ನೀವು?

ಅಳು ಬಂದರೆ ಫೋನ್ ಇಟ್ಟ ಮೇಲೆ ಅಳಿ, ಯಾರೂ ಬೇಡ ಎನ್ನುವುದಿಲ್ಲ. ಫೋನಿನಲ್ಲಿ ಮನೆಯ ಮಾತು ಹೇಳಿ. ಮಾವಿನ ಮರ ಈ ಸಲ ಹೂ ಬಿಟ್ಟಿದೆ ಎನ್ನಿ. ಹೆಬ್ಬಾಳದ ಫ್ಲೈಓವರ್ ಮೇಲೆ ಅಪ್ಪ ಒಂದು ಗಂಟೆ ಸಿಕ್ಕಿಹಾಕಿಕೊಂಡದ್ದು, ತಂಗಿ ಸ್ಕೂಟರ್ ಕಲಿತದ್ದು, ಅಜ್ಜಿ ಇನ್ನೂ ಅವನ ತಟ್ಟೆಯನ್ನೇ ಹುಡುಕುವುದು, ಇಂಥದ್ದು ಹೇಳಿ. ನಿಮಗೆ ಇದು ಸಣ್ಣ ವಿಷಯ. ಕಲ್ಲು ಹಿಮ ಬಿಟ್ಟು ಬೇರೆ ಕಾಣದ ಜಾಗದಲ್ಲಿ ನಿಂತವನಿಗೆ ಅದೇ ಊಟ. ‘ಊಟ ಆಯ್ತಾ’ ಎಂದು ಖಂಡಿತ ಕೇಳಿ. ‘ಎಲ್ಲಿದ್ದೀಯಾ’ ಎಂದು ಕೇಳಬೇಡಿ.

ಫೋನನ್ನು ಮಿಕ್ಸಿಯ ಪಕ್ಕ ಇಡುವ ಅಭ್ಯಾಸ ಬಿಡಿ. ಚಟ್ನಿ ರುಬ್ಬುವ ಸದ್ದಿನಲ್ಲಿ ರಿಂಗ್ ಕೇಳಿಸದೆ, ಆಮೇಲೆ ಮಿಸ್ಡ್ ಕಾಲ್ ನೋಡಿ ಇಡೀ ದಿನ ಗೋಳಾಡುವ ತಾಯಂದಿರನ್ನು ನಾನು ಕಂಡಿದ್ದೇನೆ. ಮನೆಯಲ್ಲಿ ಒಂದು ಜಾಗ ಗೊತ್ತು ಮಾಡಿ, ಚಾರ್ಜರ್ ಅಲ್ಲೇ ಇರಲಿ, ರಿಂಗ್ ಜೋರಾಗಿರಲಿ. ಅವನ ಫೋನ್ ಬಂದಾಗ ಸೊಸೆ ಮನೆಯಲ್ಲಿದ್ದರೆ ಮೊದಲು ಅವಳ ಕೈಗೆ ಕೊಡಿ. ಹೌದು, ಮೊದಲು ಅವಳಿಗೆ. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂಬುದು ನನಗೂ ಗೊತ್ತು. ಆದರೆ ಎಲ್ಲರೂ ಕೇಳುವಂತೆ ಸ್ಪೀಕರ್ ಹಾಕಿದರೆ ಗಂಡ ಹೆಂಡತಿ ಏನು ಮಾತಾಡಿಯಾರು? ಅವಳು ಒಳಗೆ ಹೋಗಿ ಎರಡು ನಿಮಿಷ ಮಾತಾಡಿಕೊಂಡು ಬರಲಿ. ಮಿಕ್ಕ ಮೂರು ನಿಮಿಷ ನಿಮ್ಮದು. ‘ಇವಳು ಬಂದ ಮೇಲೇ ಅವನಿಗೆ ಬಾರ್ಡರ್ ಪೋಸ್ಟಿಂಗ್ ಆಯ್ತು’ ಎನ್ನುವ ಮಾತು ಯಾರ ಬಾಯಿಂದ ಬಂದರೂ ಅಲ್ಲೇ ತಡೆಯಿರಿ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಫೋನ್ ಬರದಿದ್ದರೆ? ಬರದಿದ್ದರೆ ಅದು ಸಿಗ್ನಲ್ ಇಲ್ಲದ್ದಕ್ಕೆ, ಫೋನ್ ಮಾಡಬಾರದೆಂಬ ಆದೇಶ ಇರುವುದಕ್ಕೆ, ಜಾಗ ಬದಲಾಗಿರುವುದಕ್ಕೆ, ಅಥವಾ ಹುಡುಗ ಸುಸ್ತಾಗಿ ಮಲಗಿರುವುದಕ್ಕೆ. ಕಾರ್ಯಾಚರಣೆ ನಡೆಯುವಾಗ ಫೋನ್ ತೆಗೆದಿಡಿಸುವುದು ಮಾಮೂಲು. ನಿಮ್ಮ ಮನಸ್ಸು ಮಾತ್ರ ಈ ನಾಲ್ಕನ್ನೂ ಬಿಟ್ಟು ಐದನೆಯದಕ್ಕೇ ಓಡುತ್ತದೆ. ಹೊರಡುವ ಮೊದಲೇ ಅವನೊಂದಿಗೆ ಮಾತಾಡಿಕೊಂಡಿರಿ: ಇಷ್ಟು ದಿನ ಫೋನ್ ಇಲ್ಲದಿದ್ದರೆ ಯಾರನ್ನು ಕೇಳಬೇಕು ಎಂದು. ಯೂನಿಟ್‌ನ ಒಂದು ನಂಬರು, ಜೊತೆಯ ಇಬ್ಬರು ಹುಡುಗರ ಮನೆಯ ನಂಬರು ಕಾಗದದ ಮೇಲೆ ಬರೆದು ಕ್ಯಾಲೆಂಡರ್ ಹಿಂದೆ ಅಂಟಿಸಿ. ಕಾಂಗೋ, ಲೆಬನಾನ್, ದಕ್ಷಿಣ ಸುಡಾನ್ ಕಡೆಗೆ ವಿಶ್ವಸಂಸ್ಥೆಯ ಪಡೆಯಲ್ಲಿ ಹೋದವರ ಮನೆಯವರು ಗಡಿಯಾರದ ಲೆಕ್ಕವನ್ನೂ ಬರೆದಿಡಿ. ಕಾಂಗೋದ ಗೋಮಾದಲ್ಲಿ ನಮಗಿಂತ ಮೂರೂವರೆ ಗಂಟೆ ಹಿಂದೆ. ನೀವು ಬೆಳಿಗ್ಗೆ ಆರಕ್ಕೆ ಎದ್ದು ಫೋನ್ ಒತ್ತಿದರೆ ಅಲ್ಲಿ ರಾತ್ರಿ ಎರಡೂವರೆ.

ಈಗ ಇನ್ನೊಂದು, ಇದಕ್ಕೆ ನಾನು ಗದರಿಯೇ ಹೇಳುತ್ತೇನೆ. ಮಗ ಎಲ್ಲಿದ್ದಾನೆ, ಯಾವ ರೈಲು ಹತ್ತಿದ, ಯಾವ ಯೂನಿಟ್ ಎಲ್ಲಿಗೆ ಹೋಯಿತು ಎಂಬುದನ್ನು ಅಪಾರ್ಟ್‌ಮೆಂಟ್ ಗ್ರೂಪಿಗೆ, ನೆಂಟರ ಗ್ರೂಪಿಗೆ ಹಾಕುವುದನ್ನು ಇವತ್ತೇ ನಿಲ್ಲಿಸಿ. ಹೆಮ್ಮೆ ಇರಲಿ. ಯೂನಿಫಾರ್ಮಿನ ಫೋಟೊ ಗೋಡೆಯ ಮೇಲೆ ಎಷ್ಟು ದೊಡ್ಡದಾಗಿ ಬೇಕಾದರೂ ಹಾಕಿಕೊಳ್ಳಿ. ಫೋನಿನ ಸ್ಟೇಟಸ್‌ಗೆ ಬೇಡ. ಮುಂಬೈ ದಾಳಿಯಲ್ಲಿ ಕಮಾಂಡೊಗಳು ಇಳಿಯುವುದನ್ನು ಟಿವಿಯವರು ನೇರವಾಗಿ ತೋರಿಸಿದರು, ಒಳಗಿದ್ದ ಉಗ್ರರಿಗೆ ಫೋನಿನಲ್ಲಿ ಹುಕುಂ ಕೊಡುತ್ತಿದ್ದವರು ಆಚೆ ದೇಶದಲ್ಲಿ ಕೂತು ಅದನ್ನೇ ನೋಡುತ್ತಿದ್ದರು. ಅದಕ್ಕೇ 2025ರ ಏಪ್ರಿಲ್ 26ರಂದು ಸರ್ಕಾರ, ಸೇನೆಯ ಓಡಾಟವನ್ನು ನೇರಪ್ರಸಾರ ಮಾಡಬೇಡಿ ಎಂದು ಚಾನೆಲ್‌ಗಳಿಗೆ ಎಚ್ಚರಿಕೆ ಕೊಟ್ಟಿತು. 2020ರಲ್ಲಿ ಸೇನೆ ತನ್ನವರಿಗೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಸೇರಿ 89 ಆ್ಯಪ್‌ಗಳನ್ನು ತೆಗೆದುಹಾಕಲು ಹೇಳಿತ್ತು. ಮಗ ತನ್ನ ಫೋನಿನಿಂದ ತೆಗೆದದ್ದನ್ನು ಅಮ್ಮ ತನ್ನ ಫೋನಿನಿಂದ ಊರಿಗೆಲ್ಲ ಹೇಳಿದರೆ ಏನು ಸಾಧಿಸಿದ ಹಾಗಾಯಿತು? ಗೋಡೆಗೂ ಕಿವಿ ಇರುತ್ತದೆ ಎಂದು ಗೊತ್ತಿದ್ದ ಕಾಲದಲ್ಲಿ ಫೋನೇ ಇರಲಿಲ್ಲ.

‘ನಿಮ್ಮ ಮಗನಿಗೆ ಗಾಯವಾಗಿದೆ, ಆಪರೇಷನ್‌ಗೆ ತಕ್ಷಣ ದುಡ್ಡು ಕಳಿಸಿ’ ಎಂದು ಯಾರಾದರೂ ಕರೆ ಮಾಡಿದರೆ ಒಂದು ಪೈಸೆ ಕಳಿಸಬೇಡಿ. ಸೈನಿಕನ ಚಿಕಿತ್ಸೆಗೆ ಸೇನೆ ಮನೆಯವರಿಂದ ದುಡ್ಡು ಕೇಳುವುದಿಲ್ಲ. ಫೋನ್ ಇಟ್ಟು ಯೂನಿಟ್ ನಂಬರಿಗೆ ಮಾತಾಡಿ. ಆತುರದಲ್ಲಿ ದುಡ್ಡು ಹೋಗಿಯೇಬಿಟ್ಟಿದ್ದರೆ ಕೂಡಲೇ 1930ಕ್ಕೆ ದೂರು ಕೊಡಿ.

ಕಾಗದ ಬರೆಯಿರಿ. ಈ ಕಾಲದಲ್ಲಿ ಯಾರು ಬರೆಯುತ್ತಾರೆ ಎನ್ನಬೇಡಿ. ನೆಟ್‌ವರ್ಕ್ ಇಲ್ಲದ ಜಾಗಕ್ಕೂ ಸೇನೆಯ ಅಂಚೆ ಹೋಗುತ್ತದೆ, ಕಾಗದವನ್ನು ಹತ್ತು ಸಲ ಓದಬಹುದು, ಬ್ಯಾಟರಿ ಬೇಕಿಲ್ಲ. ವಿಳಾಸ ಹೇಗೆ ಬರೆಯಬೇಕು ಎಂಬುದನ್ನು ಸರಿಯಾಗಿ ತಿಳಿದುಕೊಳ್ಳಿ: ಅವನ ಸರ್ವಿಸ್ ನಂಬರು, ರ‍್ಯಾಂಕು, ಹೆಸರು, ಯೂನಿಟ್, ಕೇರಾಫ್ 56 ಎಪಿಒ ಅಥವಾ 99 ಎಪಿಒ, ಕೊನೆಗೆ 9ರಿಂದ ಶುರುವಾಗುವ ಆರಂಕಿಯ ಪಿನ್‌ಕೋಡ್. 56ರದ್ದು ದೆಹಲಿಯಲ್ಲಿ, 99ರದ್ದು ಕೋಲ್ಕತ್ತದಲ್ಲಿ ಬೇರ್ಪಟ್ಟು ಮುಂದಕ್ಕೆ ಹೋಗುತ್ತದೆ. ಆ ವಿಳಾಸದಲ್ಲಿ ಊರಿನ ಹೆಸರೇ ಇರುವುದಿಲ್ಲ. ‘ಬೇಗ ತಲುಪಲಿ’ ಎಂದು ನೀವಾಗಿ ಲೇಹ್ ಎಂದೋ ಕುಪ್ವಾರಾ ಎಂದೋ ಸೇರಿಸಬೇಡಿ. ಪ್ರತಿ ಕಾಗದಕ್ಕೂ ಮೇಲೆ ತಾರೀಕು ಹಾಕಿ, ಒಂದು, ಎರಡು ಎಂದು ಸಂಖ್ಯೆ ಹಾಕಿ. ಕೆಲವೊಮ್ಮೆ ಮೂರು ಕಾಗದ ಒಟ್ಟಿಗೇ ಕೈಸೇರುತ್ತವೆ. ಯಾವುದನ್ನು ಮೊದಲು ಓದಬೇಕು ಎಂದು ಅವನಿಗೆ ತಿಳಿಯಬೇಕಲ್ಲ.

ಕಾಗದಕ್ಕೆ ಕಾದ ಹಳೆಯ ಕಾಲದ ತಾಯಂದಿರನ್ನೂ ನೆನೆಯಿರಿ. ಜೆ.ಸಿ. ನಗರದ ಮುನಿರೆಡ್ಡಿಪಾಳ್ಯದಲ್ಲಿ ಮೈಸೂರು ಲ್ಯಾನ್ಸರ್ಸ್ ದಳದ ಸ್ಮಾರಕವಿದೆ, ಆ ಕಡೆ ಹೋದಾಗ ಒಂದು ನಿಮಿಷ ನಿಂತು ನೋಡಿ. ಮೊದಲ ಮಹಾಯುದ್ಧ ಶುರುವಾದ 1914ರಲ್ಲಿ ನಮ್ಮ ಸೀಮೆಯ ಕುದುರೆ ಸವಾರರು ಹಡಗು ಹತ್ತಿ ಈಜಿಪ್ಟಿನ ಕಡೆಗೆ ಹೋದರು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದವರಲ್ಲಿ ಅವರೂ ಇದ್ದರು. ನಾಲ್ಕು ವರ್ಷಕ್ಕೂ ಮೀರಿದ ಆ ಯುದ್ಧದಲ್ಲಿ ಮನೆಯಲ್ಲಿದ್ದ ತಾಯಂದಿರಿಗೆ ಕಾಗದವೊಂದೇ ಗತಿ, ಅದೂ ಎಷ್ಟು ಕೈ ದಾಟಿ ಬರಬೇಕಿತ್ತೋ. ಅವರು ಕಾದರು. ನಮಗೆ ವಾಟ್ಸಾಪ್‌ನಲ್ಲಿ ನೀಲಿ ಗೆರೆ ಬರುವುದು ಅರ್ಧ ಗಂಟೆ ತಡವಾದರೆ ತಡೆಯುವುದಿಲ್ಲ. ತಾಳಿದವನು ಬಾಳಿಯಾನು ಎಂಬುದನ್ನು ಅಂಥ ತಾಯಂದಿರಿಂದ ಕಲಿಯಬೇಕು.

ಪಾರ್ಸೆಲ್ ವಿಷಯ ಚುಟುಕಾಗಿ. ಒಣ ತಿಂಡಿ ಕಳಿಸಿ: ಚಟ್ನಿಪುಡಿ, ಕೋಡುಬಳೆ, ನಿಪ್ಪಟ್ಟು, ಹುರಿಗಡಲೆ ಉಂಡೆ. ಎಣ್ಣೆಯ ಉಪ್ಪಿನಕಾಯಿ ಗಾಜಿನ ಬಾಟಲಿಯಲ್ಲಿ ಬೇಡ, ದಾರಿಯಲ್ಲಿ ಒಡೆದು ಹತ್ತು ಜನರ ಕಾಗದ ಹಾಳಾಗುತ್ತದೆ. ಸ್ವೆಟರು, ಕಾಲುಚೀಲ ಎಂದು ಮೂಟೆ ಕಟ್ಟಬೇಡಿ. ಹಿಮದ ಜಾಗಕ್ಕೆ ಬೇಕಾದ ಬಟ್ಟೆಯನ್ನು ಸೇನೆಯೇ ಕೊಡುತ್ತದೆ. ಒಬ್ಬನಿಗೆ ಎಂದು ಕಟ್ಟಬೇಡಿ, ಇಡೀ ಟೆಂಟಿಗೆ ಆಗುವಷ್ಟು ಕಟ್ಟಿ. ಹಂಚದೆ ತಿನ್ನುವವನಲ್ಲ ನಿಮ್ಮ ಮಗ.

ಕಾಗದಪತ್ರದ ಮಾತೆತ್ತಿದರೆ ‘ಅಪಶಕುನ ಬೇಡ’ ಎಂದು ಬಾಯಿ ಮುಚ್ಚಿಸುತ್ತೀರಿ. ಇದು ಅಪಶಕುನವಲ್ಲ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಬಾರದು ಎಂದು ನಮ್ಮವರೇ ಹೇಳಿದ್ದಾರೆ. ಈ ಕಡೆಯ ಮನೆಗಳಲ್ಲಿ ನಾನು ಕಂಡ ದೊಡ್ಡ ಅಸಡ್ಡೆ ವಿಳಾಸದ್ದು. ಹುಡುಗ ಸೇನೆಗೆ ಸೇರಿದಾಗ ನೀವು ಆರ್.ಟಿ. ನಗರದ ಬಾಡಿಗೆ ಮನೆಯಲ್ಲಿದ್ದಿರಿ. ಈಗ ಯಲಹಂಕ ನ್ಯೂ ಟೌನ್‌ನಲ್ಲಿ ಫ್ಲಾಟ್ ಕೊಂಡಿದ್ದೀರಿ. ನಡುವೆ ಫೋನ್ ನಂಬರ್ ಎರಡು ಸಲ ಬದಲಾಗಿದೆ. ಸೇನೆಯ ದಾಖಲೆಯಲ್ಲಿ ಇನ್ನೂ ಹಳೆಯ ಮನೆಯ ವಿಳಾಸ, ಹಳೆಯ ನಂಬರು! ಏನಾದರೂ ತಿಳಿಸಬೇಕಾದರೆ ಅವರು ಯಾವ ಬಾಗಿಲು ತಟ್ಟಬೇಕು? ಮುಂದಿನ ಸಲ ಮಾತಾಡುವಾಗ ಇದನ್ನೇ ಮೊದಲು ಹೇಳಿ, ದಾಖಲೆ ತಿದ್ದಿಸಲಿ. ಮದುವೆಯಾಗಿದ್ದರೆ, ಮಗು ಹುಟ್ಟಿದ್ದರೆ ಅದೂ ದಾಖಲಾಗಬೇಕು. ಬ್ಯಾಂಕ್ ಖಾತೆಗೆ, ವಿಮೆಗೆ, ಭವಿಷ್ಯನಿಧಿಗೆ ನಾಮಿನಿ ಯಾರು ಎಂಬುದನ್ನು ಅವನೇ ನಿರ್ಧರಿಸಲಿ, ಹೆಂಡತಿಯ ಪಾಲು ಹೆಂಡತಿಗೆ ಇರಲಿ, ಅದರಲ್ಲಿ ನೀವು ಎಳೆದಾಡಬೇಡಿ. ಅಗ್ನಿವೀರನಾಗಿ ಹೋದ ಹುಡುಗನ ಮನೆಯವರು ಷರತ್ತುಗಳನ್ನು ಓದಿಕೊಂಡಿರಿ: ನಾಲ್ಕು ವರ್ಷದ ಸೇವೆ, ಪಿಂಚಣಿ ಇಲ್ಲ, 48 ಲಕ್ಷ ರೂಪಾಯಿಯ ವಿಮೆ ಇದೆ. ಅರ್ಥವಾಗದಿದ್ದರೆ ಸೈನಿಕ ಕಲ್ಯಾಣ ಇಲಾಖೆಗೆ ಹೋಗಿ ಕೇಳಿ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ ರಸ್ತೆಯಲ್ಲಿ, ಕಾರ್ಯಪ್ಪನವರ ಹೆಸರಿನ ಭವನದಲ್ಲೇ ಇದೆ. ಅದಕ್ಕೂ ಮೊದಲು ನಿಮ್ಮ ಬಡಾವಣೆಯಲ್ಲಿರುವ ನಿವೃತ್ತ ಸುಬೇದಾರರನ್ನು ಹುಡುಕಿ. ಯಲಹಂಕ, ಸಂಜಯನಗರ, ಜಾಲಹಳ್ಳಿಯಲ್ಲಿ ಇಂಥವರು ಇಲ್ಲದ ಬೀದಿ ಕಡಿಮೆ. ಯಾವ ಅರ್ಜಿ ಎಲ್ಲಿ ಕೊಡಬೇಕು ಎಂಬುದು ಅವರಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿರುವುದಿಲ್ಲ, ಕೇಳಿದರೆ ಸಂತೋಷದಿಂದ ಮಾಡಿಕೊಡುತ್ತಾರೆ.

ಕಾರ್ಯಪ್ಪನವರ ಹೆಸರು ಬಂತಲ್ಲ, ಅವರ ಮನೆಯ ಒಂದು ಸಂಗತಿ ಹೇಳಲೇಬೇಕು. ಪರಿಚಯದ ಶಾಸಕರನ್ನು ಹಿಡಿದು, ದೆಹಲಿಯಲ್ಲಿರುವ ಯಾರನ್ನೋ ಹಿಡಿದು, ಮಗನನ್ನು ಗಡಿಯಿಂದ ಈಚೆ ತರಿಸಲು ಓಡಾಡುವ ತಂದೆಯರಿದ್ದಾರೆ. ಅವರು ಕೇಳಿಸಿಕೊಳ್ಳಲಿ ಎಂದು ಹೇಳುತ್ತೇನೆ. 1965ರ ಸೆಪ್ಟೆಂಬರ್ 22, ಯುದ್ಧದ ಕೊನೆಯ ದಿನ. ಕಾರ್ಯಪ್ಪನವರ ಮಗ ನಂದಾ ಕಾರ್ಯಪ್ಪ ಹಾರಿಸುತ್ತಿದ್ದ ಹಂಟರ್ ವಿಮಾನಕ್ಕೆ ಗುಂಡು ತಗುಲಿ ಅವರು ಪಾಕಿಸ್ತಾನದಲ್ಲಿ ಸೆರೆಯಾದರು. ಆಗ ಪಾಕಿಸ್ತಾನದ ಅಧ್ಯಕ್ಷರಾಗಿದ್ದ ಅಯೂಬ್ ಖಾನ್, ದೇಶ ವಿಭಜನೆಗೆ ಮುಂಚೆ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದವರು. ಹಳೆಯ ಗೌರವದಿಂದ ಅವರು ಮಡಿಕೇರಿಗೆ ಮಾತು ಕಳಿಸಿದರು, ಬೇಕೆಂದರೆ ಮಗನನ್ನು ಬಿಡುತ್ತೇವೆ ಎಂದು. ಆ ತಂದೆ ಒಪ್ಪಲಿಲ್ಲ. ಸೆರೆಯಲ್ಲಿರುವ ಭಾರತದ ಸೈನಿಕರೆಲ್ಲರೂ ನನ್ನ ಮಕ್ಕಳೇ, ಎಲ್ಲರನ್ನೂ ಒಂದೇ ಸಮನಾಗಿ ನೋಡಿಕೊಳ್ಳಿ ಎಂಬ ಅರ್ಥದ ಉತ್ತರ ಕೊಟ್ಟರು. ಮಗ ಮರಳಿದ್ದು 1966ರಲ್ಲಿ, ಬೇರೆ ಸೆರೆಯಾಳುಗಳಂತೆಯೇ. ಮುಂದೆ ವಾಯುಪಡೆಯಲ್ಲಿ ಏರ್ ಮಾರ್ಷಲ್ ಆದರು.

ಇದನ್ನು ಕೇಳಿ ‘ಅವರಿಗೆ ಮಗನ ಮೇಲೆ ಮಮತೆ ಇರಲಿಲ್ಲ’ ಎನ್ನುವವರು ಇದ್ದಾರೆ. ನಾನು ಹಾಗೆ ಓದುವುದಿಲ್ಲ. ತನ್ನೊಬ್ಬನಿಗೆ ಸಿಗುವ ಸವಲತ್ತು ತೆಗೆದುಕೊಂಡರೆ ಆಮೇಲೆ ಆ ಮಗ ಜೊತೆಯವರ ಮುಖ ಹೇಗೆ ನೋಡಿಯಾನು ಎಂಬುದು ಆ ತಂದೆಗೆ ಗೊತ್ತಿತ್ತು. ನಿಮ್ಮ ಮಗನಿಗೂ ಜೊತೆಯವರಿದ್ದಾರೆ. ನೀವು ಶಿಫಾರಸು ಹಿಡಿದದ್ದು ಯೂನಿಟ್‌ನಲ್ಲಿ ತಿಳಿದ ದಿನ ಅವನು ಅವರ ನಡುವೆ ತಲೆ ತಗ್ಗಿಸಬೇಕಾಗುತ್ತದೆ. ‘ಬಿಟ್ಟು ಬಂದುಬಿಡು, ಇಲ್ಲೇ ಏನಾದರೂ ಕೆಲಸ ನೋಡೋಣ’ ಎಂದು ಫೋನಿನಲ್ಲಿ ಹೇಳುವುದೂ ಅಷ್ಟೇ ಕೆಟ್ಟದ್ದು. ಬೇಕೆಂದಾಗ ಬಿಟ್ಟು ಬರಲು ಅದು ಕಂಪನಿ ಕೆಲಸವಲ್ಲ. ನಿಮ್ಮ ಮಾತಿನಿಂದ ಅವನು ಬರುವುದಿಲ್ಲ, ಅಲ್ಲಿ ನೆಮ್ಮದಿಯಾಗಿ ಇರುವುದೂ ಇಲ್ಲ.

ರಜೆಗಾಗಿ ಸುಳ್ಳು ಹೇಳಬೇಡಿ. ‘ಅಮ್ಮನಿಗೆ ಸೀರಿಯಸ್, ಕೂಡಲೇ ಹೊರಟು ಬಾ’ ಎಂದು ಹಬ್ಬಕ್ಕೆ ಮಗನನ್ನು ಕರೆಸುವ ಮನೆಗಳಿವೆ. ಮೊದಲ ಸಲ ಮೇಲಿನವರು ನಂಬಿ ಕಳಿಸುತ್ತಾರೆ. ನಿಜವಾಗಿ ಮಲಗಿದ ದಿನ ಯಾರೂ ನಂಬುವುದಿಲ್ಲ. ಹಾಗೆಂದು ನಿಜವಾದ ಕಾಯಿಲೆಯನ್ನು ಮುಚ್ಚಿಡುವುದೂ ಬೇಡ. ಅಪ್ಪನಿಗೆ ಎದೆಯ ಆಪರೇಷನ್ ಆಗಿ ಮೂರು ತಿಂಗಳ ಮೇಲೆ ಪಕ್ಕದ ಮನೆಯವರ ಬಾಯಿಂದ ಮಗನಿಗೆ ತಿಳಿದರೆ, ಆಮೇಲೆ ನೀವು ‘ಎಲ್ಲ ಚೆನ್ನಾಗಿದೆ’ ಎಂದಾಗಲೆಲ್ಲ ಅವನಿಗೆ ಅನುಮಾನ. ಕಾಯಿಲೆ ಏನು, ಡಾಕ್ಟರ್ ಏನೆಂದರು, ಯಾರು ನೋಡಿಕೊಳ್ಳುತ್ತಿದ್ದಾರೆ, ಈ ಮೂರನ್ನು ಸಮಾಧಾನದ ದನಿಯಲ್ಲಿ ಹೇಳಿ. ಬರಲೇಬೇಕಾದ ಸಂದರ್ಭವಾದರೆ ಆಸ್ಪತ್ರೆಯ ಸರ್ಟಿಫಿಕೇಟ್ ಕಳಿಸಿ, ತುರ್ತು ರಜೆಗೆ ದಾರಿ ಇದೆ. ಆದರೆ ಸೈಟಿನ ಜಗಳ, ಅತ್ತಿಗೆ ನಾದಿನಿಯರ ಮುನಿಸು, ಬೋರ್‌ವೆಲ್ ಬತ್ತಿದ್ದು, ಇವನ್ನೆಲ್ಲ ಅಲ್ಲಿಗೆ ಕಳಿಸಬೇಡಿ. ಅಲ್ಲಿಂದ ಅವನು ಏನು ಮಾಡಲಾದೀತು?

ನಿಮ್ಮ ಆರೋಗ್ಯ ನೋಡಿಕೊಳ್ಳಿ ಎಂದರೆ ‘ನನಗೇನಾಗಿದೆ, ಅವನು ಚೆನ್ನಾಗಿದ್ದರೆ ಸಾಕು’ ಎನ್ನುತ್ತೀರಿ. ವಾರದಲ್ಲಿ ನಾಲ್ಕು ಉಪವಾಸ, ಹರಕೆಯ ಮೇಲೆ ಹರಕೆ, ಮಧ್ಯೆ ಸಕ್ಕರೆ ಕಾಯಿಲೆಯ ಮಾತ್ರೆ ಮರೆತು ತಲೆಸುತ್ತಿ ಬೀಳುವುದು. ದೇವರು ಮಾತ್ರೆ ಬಿಡು ಎಂದು ಹೇಳಲಿಲ್ಲ. ಪೂಜೆ ಮಾಡಿ, ಊಟವನ್ನೂ ಮಾಡಿ. ಬೆಳಿಗ್ಗೆ ಹೆಬ್ಬಾಳ ಕೆರೆಯ ಕಡೆಗೋ ಅಳ್ಳಾಳಸಂದ್ರ ಕೆರೆಯ ಕಡೆಗೋ ನಡೆದು ಬನ್ನಿ. ತಂದೆಯರಿಗೆ ಬೇರೆಯೇ ಹೇಳಬೇಕು. ತಾಯಿ ಅತ್ತು ಹಗುರವಾಗುತ್ತಾಳೆ, ನೀವು ಬಾಯಿ ಹೊಲಿದುಕೊಂಡು ಕೂರುತ್ತೀರಿ. ರಾತ್ರಿ ಎರಡು ಗಂಟೆಗೆ ಬಾಲ್ಕನಿಯಲ್ಲಿ ಸಿಗರೇಟು. ಗಂಡಸರು ಅಳಬಾರದು ಎಂದು ಯಾವ ಶಾಸ್ತ್ರದಲ್ಲಿದೆ? ಹೆಂಡತಿಯ ಹತ್ತಿರವಾದರೂ ಬಾಯಿ ಬಿಡಿ. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಎದೆ ಡವಗುಟ್ಟುವುದು ನಿಲ್ಲದಿದ್ದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಎಂದು ಸರ್ಕಾರದ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ನಮ್ಮ ನಿಮ್ಹಾನ್ಸ್ ಅದರ ಬೆನ್ನಿಗಿದೆ. ಸೈನಿಕರಿಗೂ ಅವರ ಮನೆಯವರಿಗೂ ಎಂದೇ 2023ರ ಡಿಸೆಂಬರ್‌ನಲ್ಲಿ ಪುಣೆಯಲ್ಲಿ ಅದರ ಬೇರೆ ವಿಭಾಗವನ್ನು ತೆರೆದಿದ್ದಾರೆ. ಹುಚ್ಚು ಹಿಡಿದವರಿಗೆ ಮಾತ್ರ ಅದು ಎಂದುಕೊಂಡು ದೂರ ಉಳಿಯಬೇಡಿ.

ಅಕ್ಕಪಕ್ಕದವರೇ, ನಿಮಗೂ ಎರಡು ಮಾತಿದೆ. ಮಗನನ್ನು ಗಡಿಗೆ ಕಳಿಸಿದ ತಾಯಿ ಲಿಫ್ಟಿನಲ್ಲಿ ಸಿಕ್ಕಾಗಲೆಲ್ಲ ‘ಏನಾದರೂ ಸುದ್ದಿ ಬಂತಾ’ ಎಂದು ಕೇಳಬೇಡಿ. ಅವಳ ಎದುರಿಗೆ ನಿಂತು ‘ಯುದ್ಧ ಆಗಿಯೇಬಿಡಲಿ, ಬುದ್ಧಿ ಕಲಿಸಬೇಕು’ ಎಂದು ಕೂಗಬೇಡಿ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಕಾಣುತ್ತದೆ, ಏರುವವನು ಅವಳ ಮಗ. ನಿಮಗೆ ನಿಜವಾದ ಕಾಳಜಿ ಇದ್ದರೆ ಅವಳ ಮನೆಯ ಸಿಲಿಂಡರ್ ತಂದುಕೊಡಿ, ಬ್ಯಾಂಕಿಗೆ ಹೋಗುವಾಗ ಜೊತೆಗೆ ಕರೆದುಕೊಂಡು ಹೋಗಿ, ರಾತ್ರಿ ಆಸ್ಪತ್ರೆಗೆ ಹೋಗಬೇಕಾದರೆ ಕಾರು ತೆಗೆಯಿರಿ. ಆಪತ್ತಿಗಾದವನೇ ನೆಂಟ.

ಕೊನೆಯದಾಗಿ ಮಗ ರಜೆಗೆ ಬಂದಾಗಿನ ಮಾತು. ಸ್ಟೇಷನ್ನಿಗೆ ಹಾರ, ಡೋಲು, ಹತ್ತು ಕಾರು ಬೇಡ, ಅಪ್ಪನೋ ತಮ್ಮನೋ ಒಬ್ಬರು ಹೋದರೆ ಸಾಕು. ಮೊದಲ ಎರಡು ದಿನ ಅವನನ್ನು ಮಲಗಲು ಬಿಡಿ. ಹಗಲಲ್ಲಿ ಮಲಗಿ ರಾತ್ರಿ ಎದ್ದು ಓಡಾಡಿದರೆ ಗಾಬರಿಯಾಗಬೇಡಿ, ಕಾವಲಿನ ಅಭ್ಯಾಸ ಅದು, ನಿಧಾನಕ್ಕೆ ಇಳಿಯುತ್ತದೆ. ಬಾಗಿಲು ದಡಾರನೆ ಹಾಕಬೇಡಿ, ಹಿಂದಿನಿಂದ ಬಂದು ಬೆನ್ನು ತಟ್ಟಬೇಡಿ. ‘ಎಷ್ಟು ಜನರನ್ನು ಹೊಡೆದೆ’ ಎಂದು ಯಾವ ನೆಂಟನೂ ಕೇಳದ ಹಾಗೆ ನೋಡಿಕೊಳ್ಳುವುದು ನಿಮ್ಮ ಜವಾಬ್ದಾರಿ. ಅವನಾಗಿ ಹೇಳಿದರೆ ಕೇಳಿ, ಹೇಳದಿದ್ದರೆ ಕೆದಕಬೇಡಿ. ತಿಂಗಳಾದರೂ ಸಿಡುಕು, ಮೌನ, ಕುಡಿತ ಇಳಿಯದಿದ್ದರೆ ಅವನ ಮುಂದೆಯೇ ಮಾತಾಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಹೆಣ್ಣು ನೋಡುವ ಕಾರ್ಯಕ್ರಮ ಎರಡನೇ ವಾರಕ್ಕಿರಲಿ. ಹೊರಡುವ ಹಿಂದಿನ ರಾತ್ರಿ ರೈಲಿನ ಟಿಕೆಟ್, ಗುರುತಿನ ಚೀಟಿ, ಮೂವ್‌ಮೆಂಟ್ ಕಾಗದ ಎಲ್ಲವನ್ನೂ ಅವನ ಕೈಯಿಂದಲೇ ಬ್ಯಾಗಿಗೆ ಹಾಕಿಸಿ. ಸಂಪರ್ಕ ಕ್ರಾಂತಿ ಹಿಡಿಯಬೇಕಾದರೆ ಯಶವಂತಪುರಕ್ಕೆ ಎರಡು ಗಂಟೆ ಮುಂಚೆಯೇ ಮನೆ ಬಿಡಿ, ಗೊರಗುಂಟೆಪಾಳ್ಯದ ಟ್ರಾಫಿಕ್ ನಿಮಗೆ ಗೊತ್ತೇ ಇದೆ. ಚಟ್ನಿಪುಡಿಯ ಡಬ್ಬಕ್ಕೆ ಎರಡು ಕವರ್ ಹಾಕಿ ಕಟ್ಟಿ, ಬಟ್ಟೆಯ ಮೇಲೆ ಸುರಿಯುತ್ತದೆ.